ಮಾಜಿ ಸೈನಿಕನ ನೋವು, ಕ್ರೇಟಮ್ ಪುಡಿ ಮತ್ತು ಮೂತ್ರ ಪರೀಕ್ಷೆಯ ಬಟ್ಟಲು

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪೆಟ್ರೋಲ್ ಬಂಕಿಗೆ ಹೊಂದಿಕೊಂಡ ಅಂಗಡಿಗೆ ಹೋದರೆ, ಸಿಗರೇಟು ಮತ್ತು ಪಾನೀಯಗಳ ನಡುವೆಯೇ ಹಸಿರು ಪುಡಿಯ ಪೊಟ್ಟಣಗಳು ಕಣ್ಣಿಗೆ ಬೀಳುತ್ತವೆ. ಅದರ ಹೆಸರು ಕ್ರೇಟಮ್, ಒಂದು ಮರದ ಎಲೆಯ ಪುಡಿ. ವೈದ್ಯರ ಚೀಟಿ ಬೇಕಿಲ್ಲ, ಹಣ ಕೊಟ್ಟರೆ ಸಾಕು. ಕೊಳ್ಳುವವರಲ್ಲಿ ಬೆನ್ನು, ಮೊಣಕಾಲು, ಭುಜದ ನೋವನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಿರುವ ಮಾಜಿ ಸೈನಿಕರೂ ಇದ್ದಾರೆ. ಪೊಟ್ಟಣ ಕೈಗೆತ್ತಿಕೊಂಡಾಗ ಅವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಇದರಿಂದ ನೋವು ತಗ್ಗುತ್ತದೆಯೇ? ಇದು ಮೂತ್ರ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆಯೇ?

ಎರಡನೆಯ ಪ್ರಶ್ನೆ ಸಾಮಾನ್ಯ ನಾಗರಿಕರಿಗೆ ಅಷ್ಟು ಬೇಗ ಹೊಳೆಯುವುದಿಲ್ಲ. ಸೈನಿಕರಿಗೆ ಹೊಳೆಯುವುದಕ್ಕೆ ಐವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1971ರ ಜೂನ್‌ನಲ್ಲಿ, ವಿಯೆಟ್ನಾಂನಿಂದ ಮರಳುವ ಸೈನಿಕರೆಲ್ಲರ ಮೂತ್ರವನ್ನು ಹೆರಾಯಿನ್‌ಗಾಗಿ ಪರೀಕ್ಷಿಸಬೇಕೆಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಸರ್ಕಾರ ಆದೇಶಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಮನೆಗೆ ಹೋಗುವ ವಿಮಾನ ಹತ್ತಲು ಬಿಡುತ್ತಿರಲಿಲ್ಲ. ಹತ್ತು ವರ್ಷಗಳ ಬಳಿಕ, 1981ರ ಮೇ ತಿಂಗಳಲ್ಲಿ, ನಿಮಿಟ್ಜ್ ಎಂಬ ವಿಮಾನವಾಹಕ ಹಡಗಿನ ಮೇಲೆ ಯುದ್ಧವಿಮಾನವೊಂದು ಅಪ್ಪಳಿಸಿ 14 ಮಂದಿ ಸತ್ತರು. ಸತ್ತ ನಾವಿಕರಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ಕಿತು. ಆ ವರ್ಷದ ಕೊನೆಗೆ ಸೇನೆಯು ಮಾದಕ ವಸ್ತುಗಳ ವಿಷಯದಲ್ಲಿ ಕಿಂಚಿತ್ತೂ ಸಡಿಲಿಕೆ ಇಲ್ಲದ ನೀತಿಗೆ ಬಂತು. ಅಂದಿನಿಂದ ಸೇವೆಯಲ್ಲಿರುವ ಪ್ರತಿಯೊಬ್ಬರೂ ಯಾವ ದಿನ ಬೇಕಾದರೂ ಬಟ್ಟಲು ಹಿಡಿದು ನಿಲ್ಲಬೇಕು. ಮಾದರಿ ಕೊಡುವಾಗ ಇನ್ನೊಬ್ಬರು ಎದುರಿಗೆ ನಿಂತು ನೋಡುತ್ತಾರೆ. ಒಂದು ಫಲಿತಾಂಶ ಕೆಟ್ಟರೆ ಹುದ್ದೆ, ಗೌರವದ ಬಿಡುಗಡೆ, ಅದರೊಂದಿಗೆ ಬರುವ ಸೌಲಭ್ಯಗಳು, ಎಲ್ಲವೂ ಅಪಾಯಕ್ಕೆ ಸಿಲುಕುತ್ತವೆ.

ಇಂಥ ಭಯ ಸಮವಸ್ತ್ರದ ಜೊತೆಗೆ ಕಳಚಿ ಬೀಳುವುದಿಲ್ಲ. ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ, ಅಂದರೆ ಅಲ್ಲಿನವರು ವಿಎ ಎಂದು ಕರೆಯುವ ಇಲಾಖೆಯ, ಆಸ್ಪತ್ರೆಯಲ್ಲಿ ದಾದಿಯೊಬ್ಬರು ಅದೇ ಬಗೆಯ ಬಟ್ಟಲು ಚಾಚಿದಾಗ, ಮಾಜಿ ಸೈನಿಕನ ಕಣ್ಣಿಗೆ ಅದು ಚಿಕಿತ್ಸೆಯ ಭಾಗವಾಗಿ ಕಾಣುವುದಿಲ್ಲ, ತನಿಖೆಯಾಗಿ ಕಾಣುತ್ತದೆ. ಗಿಡಮೂಲಿಕೆ ನೋವುನಿವಾರಕಗಳ ಇಡೀ ಗೊಂದಲದ ಬೇರು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ಸೇನೆಯ ಪರೀಕ್ಷೆ ಮತ್ತು ಆಸ್ಪತ್ರೆಯ ಪರೀಕ್ಷೆ ಬೇರೆ ಬೇರೆ ಉದ್ದೇಶದವು. ಆ ವ್ಯತ್ಯಾಸವನ್ನು ಯಾರೂ ಸರಿಯಾಗಿ ವಿವರಿಸದ ಕಾರಣ ರೋಗಿ ಬಾಯಿ ಮುಚ್ಚಿಕೊಳ್ಳುತ್ತಾನೆ, ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ.

ನೋವು ಎಷ್ಟು, ಮಾತ್ರೆ ಎಲ್ಲಿ ಹೋಯಿತು

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾಜಿ ಸೈನಿಕರಲ್ಲಿ ಶೇಕಡಾ 65.6ರಷ್ಟು ಜನರಿಗೆ ಹಿಂದಿನ ಮೂರು ತಿಂಗಳಲ್ಲಿ ನೋವು ಕಾಡಿತ್ತು. ತೀವ್ರ ನೋವು ಇದ್ದವರು ಶೇಕಡಾ 9.1, ಸೇನೆಗೆ ಸೇರದ ಜನರಲ್ಲಿ ಆ ಪ್ರಮಾಣ ಶೇಕಡಾ 6.4. ಭಾರವಾದ ರಕ್ಷಾಕವಚ ಹೊತ್ತು ನಡೆದ ಬೆನ್ನು, ಪ್ಯಾರಾಚೂಟ್‌ನಲ್ಲಿ ಇಳಿದಿಳಿದು ಸವೆದ ಮೊಣಕಾಲು, ರಸ್ತೆಬದಿಯ ಬಾಂಬಿನ ಆಘಾತ ತಿಂದ ನರಗಳು ವಯಸ್ಸಿಗೆ ಮೊದಲೇ ಮುಪ್ಪಾಗುತ್ತವೆ. ಜೊತೆಗೆ ನಿದ್ರಾಹೀನತೆ ಮತ್ತು ಯುದ್ಧದ ಮಾನಸಿಕ ಆಘಾತ ಸೇರಿದರೆ ನೋವು ಇಮ್ಮಡಿಯಾಗುತ್ತದೆ.

ಎರಡು ಸಾವಿರದ ದಶಕದಲ್ಲಿ ಇದಕ್ಕೆ ಸಿಕ್ಕ ಉತ್ತರ ಓಪಿಯಾಯ್ಡ್ ಮಾತ್ರೆಗಳು, ಅಂದರೆ ಅಫೀಮಿನಂತೆ ಕೆಲಸ ಮಾಡುವ ಪ್ರಬಲ ನೋವುನಿವಾರಕಗಳು. ಆ ಕಾಲದಲ್ಲಿ ಇಡೀ ದೇಶವೇ ಹಾಗೆ ಯೋಚಿಸುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಟೋಮಾ ಊರಿನ ವಿಎ ಆಸ್ಪತ್ರೆಯಲ್ಲಿ 2014ರಲ್ಲಿ, ಮರೀನ್ ಪಡೆಯಲ್ಲಿ ದುಡಿದಿದ್ದ 35 ವರ್ಷದ ವ್ಯಕ್ತಿಯೊಬ್ಬರು ಆಸ್ಪತ್ರೆಯೇ ಕೊಟ್ಟ ಔಷಧಗಳ ಮಿಶ್ರಣದಿಂದ ತೀರಿಕೊಂಡರು. ಅವರ ಹೆಸರಿನ ಕಾನೂನು 2016ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲೇ, 2013ರಲ್ಲಿ, ವಿಎ ಓಪಿಯಾಯ್ಡ್ ಸುರಕ್ಷತಾ ಕಾರ್ಯಕ್ರಮವನ್ನು ಆರಂಭಿಸಿತ್ತು. ಓಪಿಯಾಯ್ಡ್ ಪಡೆಯುವ ರೋಗಿಗಳ ಸಂಖ್ಯೆ 2012ರಿಂದ 2020ರ ಹೊತ್ತಿಗೆ ಶೇಕಡಾ 64ರಷ್ಟು ಇಳಿಯಿತು ಎಂದು ಇಲಾಖೆ ಹೇಳಿಕೊಂಡಿತು.

ಈ ಇಳಿಕೆಗೆ ವೈಜ್ಞಾನಿಕ ಆಧಾರ ಇರಲಿಲ್ಲ ಎಂದು ಯಾರೂ ಹೇಳಲಾಗದು. ಮಿನಿಯಾಪೊಲಿಸ್‌ನ ವಿಎ ಚಿಕಿತ್ಸಾಲಯಗಳ 240 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು, ಬೆನ್ನುನೋವು ಹಾಗೂ ಕೀಲು ಸವೆತದ ನೋವಿಗೆ ಒಂದು ವರ್ಷದ ಅವಧಿಯಲ್ಲಿ ಓಪಿಯಾಯ್ಡ್‌ಗಳು ಇತರ ಔಷಧಗಳಿಗಿಂತ ಮೇಲಲ್ಲ ಎಂದು ತೋರಿಸಿತು. ಆದರೆ ಆಗಲೇ ವರ್ಷಗಟ್ಟಲೆ ಅವುಗಳ ಮೇಲೆ ಬದುಕಿದ್ದವರ ಕೈಯಿಂದ ಮಾತ್ರೆ ಕಸಿದುಕೊಂಡಾಗ ಏನಾಯಿತು? ವಿಎ ವ್ಯವಸ್ಥೆಯ 13.9 ಲಕ್ಷ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ನೋಡಿತು. ಓಪಿಯಾಯ್ಡ್ ನಿಲ್ಲಿಸಿದ ನಂತರ ಅತಿಸೇವನೆಯಿಂದ ಅಥವಾ ಆತ್ಮಹತ್ಯೆಯಿಂದ ಸಾಯುವ ಅಪಾಯ ಹೆಚ್ಚಾಗಿತ್ತು. ಹೆಚ್ಚು ಕಾಲ ಸೇವಿಸಿದ್ದವರಲ್ಲಿ ಆ ಅಪಾಯ ಇನ್ನೂ ಹೆಚ್ಚಿತ್ತು. ಮಾತ್ರೆ ನಿಂತರೂ ನೋವು ನಿಲ್ಲಲಿಲ್ಲ. ಆ ಖಾಲಿ ಜಾಗಕ್ಕೆ ಪೆಟ್ರೋಲ್ ಬಂಕಿನ ಹಸಿರು ಪೊಟ್ಟಣ ಬಂದು ಕುಳಿತದ್ದರಲ್ಲಿ ಆಶ್ಚರ್ಯವೇನಿದೆ?

ಎಲೆಯೊಳಗೆ ಏನಿದೆ

ಕ್ರೇಟಮ್ ಆಗ್ನೇಯ ಏಷ್ಯಾದ ಮರ. ಕಾಫಿ ಗಿಡದ ಕುಟುಂಬಕ್ಕೇ ಸೇರಿದ್ದು. ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾಗಳ ಕೂಲಿ ಕಾರ್ಮಿಕರು ಬಿಸಿಲಿನಲ್ಲಿ ದುಡಿಯಲು ಇದರ ಎಲೆಗಳನ್ನು ತಲೆಮಾರುಗಳಿಂದ ಅಗಿಯುತ್ತಾ ಬಂದಿದ್ದಾರೆ. ಡಚ್ ಸಸ್ಯವಿಜ್ಞಾನಿ ಪೀಟರ್ ಕೋರ್ಟಾಲ್ಸ್ 1839ರಲ್ಲಿ ಇದನ್ನು ವಿವರಿಸಿದ. ಇದರ ಮುಖ್ಯ ಸತ್ವವಾದ ಮಿಟ್ರಾಜೈನಿನ್ ಅನ್ನು 1921ರಲ್ಲಿ ಬೇರ್ಪಡಿಸಲಾಯಿತು. ಥಾಯ್ಲೆಂಡ್ 1943ರಲ್ಲಿ ಇದನ್ನು ನಿಷೇಧಿಸಿತು; ಅಫೀಮಿನ ಮೇಲಿನ ತೆರಿಗೆ ಆದಾಯಕ್ಕೆ ಈ ಎಲೆ ಪೈಪೋಟಿಯಾಗಿತ್ತು ಎಂಬುದೇ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಅದೇ ದೇಶ 2021ರ ಆಗಸ್ಟ್‌ನಲ್ಲಿ ನಿಷೇಧವನ್ನು ತೆಗೆದುಹಾಕಿತು.

ಮಿಟ್ರಾಜೈನಿನ್ ಅಫೀಮಿನಿಂದ ತೆಗೆಯುವ ಮಾರ್ಫೀನ್‌ನ ಸಂಬಂಧಿಯಲ್ಲ. ಎರಡರ ರಾಸಾಯನಿಕ ರಚನೆಯೇ ಬೇರೆ. ಆದರೂ ಮಿದುಳಿನಲ್ಲಿ ಮಾರ್ಫೀನ್ ಹೋಗಿ ಕೂರುವ ಗ್ರಾಹಕಗಳ ಮೇಲೆಯೇ ಅದೂ ಕೂರುತ್ತದೆ, ಆದರೆ ಅವುಗಳನ್ನು ಭಾಗಶಃ ಮಾತ್ರ ಚುರುಕುಗೊಳಿಸುತ್ತದೆ. ಯಕೃತ್ತಿನಲ್ಲಿ ಅದರ ಒಂದು ಪಾಲು 7-ಹೈಡ್ರಾಕ್ಸಿಮಿಟ್ರಾಜೈನಿನ್ ಆಗಿ ಬದಲಾಗುತ್ತದೆ. ಇದು ಮೂಲಕ್ಕಿಂತ ಬಹಳ ಪ್ರಬಲ. ಸಹಜ ಎಲೆಯಲ್ಲಿ ಇದರ ಪ್ರಮಾಣ ಅತ್ಯಲ್ಪ, ಆಲ್ಕಲಾಯ್ಡ್ ಎಂದು ಕರೆಯುವ ಒಟ್ಟು ಸಸ್ಯಸತ್ವಗಳ ಶೇಕಡಾ 2ಕ್ಕೂ ಕಡಿಮೆ. ಈಚಿನ ವರ್ಷಗಳಲ್ಲಿ ಅಂಗಡಿಗಳಿಗೆ ಬಂದಿರುವ ಗುಳಿಗೆಗಳು ಈ ಅತ್ಯಲ್ಪವನ್ನೇ ಸಾಂದ್ರಗೊಳಿಸಿ ಮಾಡಿದವು. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವೇನೋ ಇರುತ್ತದೆ. ಒಳಗಿನದನ್ನು ಗಿಡಮೂಲಿಕೆ ಎಂದು ಕರೆಯುವುದು ಗಸಗಸೆ ಗಿಡದ ಹೆಸರು ಹೇಳಿ ಮಾರ್ಫೀನ್ ಮಾರಿದಂತೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವಾದ ಎಫ್‌ಡಿಎ 2025ರ ಜುಲೈನಲ್ಲಿ ಶಿಫಾರಸು ಮಾಡಿದ್ದು ಈ ಸಾಂದ್ರ ಪದಾರ್ಥವನ್ನು ನಿಯಂತ್ರಿಸಬೇಕೆಂದು. ಸಹಜ ಎಲೆಯ ಮೇಲೆ ಅಂದು ಅದು ಕೈಯಿಡಲಿಲ್ಲ.

ಎಲೆಯ ಕಾನೂನು ಸ್ಥಿತಿಯೂ ವಿಚಿತ್ರವಾಗಿದೆ. ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎ 2016ರ ಆಗಸ್ಟ್‌ನಲ್ಲಿ ಕ್ರೇಟಮ್‌ನ ಎರಡು ಸತ್ವಗಳನ್ನು ಹೆರಾಯಿನ್ ಇರುವ ಮೊದಲನೆಯ ಪಟ್ಟಿಗೆ ತಾತ್ಕಾಲಿಕವಾಗಿ ಸೇರಿಸುವುದಾಗಿ ಪ್ರಕಟಿಸಿತು. ಪ್ರತಿಭಟನೆ ಎಷ್ಟು ಜೋರಾಗಿತ್ತೆಂದರೆ ಅಕ್ಟೋಬರ್‌ನಲ್ಲಿ ಆ ಪ್ರಕಟಣೆಯನ್ನೇ ಹಿಂದಕ್ಕೆ ಪಡೆಯಿತು. ಹೀಗೆ ಒಕ್ಕೂಟದ ಮಟ್ಟದಲ್ಲಿ ಎಲೆಗೆ ನಿಷೇಧವಿಲ್ಲ, ಔಷಧವೆಂಬ ಅನುಮತಿಯೂ ಇಲ್ಲ. ಆದರೆ ಅಲಬಾಮಾ, ಅರ್ಕನ್ಸಾ, ಇಂಡಿಯಾನಾ, ವಿಸ್ಕಾನ್ಸಿನ್‌ನಂಥ ರಾಜ್ಯಗಳು ನಿಷೇಧಿಸಿದವು. ಯೂಟಾ 2019ರಲ್ಲಿ ಇನ್ನೊಂದು ದಾರಿ ಹಿಡಿದು, ಗುಣಮಟ್ಟ ಮತ್ತು ಲೇಬಲ್‌ಗೆ ನಿಯಮ ಮಾಡಿ ಮಾರಾಟಕ್ಕೆ ಬಿಟ್ಟಿತು. ಒಂದು ರಾಜ್ಯದಲ್ಲಿ ಕೊಂಡ ಪೊಟ್ಟಣವನ್ನು ಕಾರಿನಲ್ಲಿಟ್ಟುಕೊಂಡು ಗಡಿ ದಾಟಿದ ಮಾಜಿ ಸೈನಿಕ ಆ ಕ್ಷಣಕ್ಕೆ ಅಪರಾಧಿಯಾಗಬಹುದು.

ಅಪಾಯದ ಲೆಕ್ಕವನ್ನು ಉಬ್ಬಿಸುವವರೂ ಇದ್ದಾರೆ, ಮುಚ್ಚಿಡುವವರೂ ಇದ್ದಾರೆ. ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2016ರ ಜುಲೈನಿಂದ 2017ರ ಡಿಸೆಂಬರ್‌ವರೆಗಿನ 27,338 ಅತಿಸೇವನೆ ಸಾವುಗಳನ್ನು ಪರಿಶೀಲಿಸಿತ್ತು. 152 ಮಂದಿಯ ದೇಹದಲ್ಲಿ ಕ್ರೇಟಮ್ ಸಿಕ್ಕಿತು. 91 ಪ್ರಕರಣಗಳಲ್ಲಿ ಅದನ್ನೂ ಸಾವಿನ ಕಾರಣಗಳಲ್ಲಿ ಒಂದೆಂದು ಗುರುತಿಸಲಾಯಿತು. ಆದರೆ ಪರೀಕ್ಷೆಯಲ್ಲಿ ಕ್ರೇಟಮ್ ಒಂದೇ ಪತ್ತೆಯಾದದ್ದು ಏಳು ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಬಹುಪಾಲು ಫೆಂಟನಿಲ್ ಎಂಬ ಪ್ರಬಲ ಓಪಿಯಾಯ್ಡ್, ಹೆರಾಯಿನ್ ಮುಂತಾದವು ಜೊತೆಗಿದ್ದವು. ನನಗೆ ಇದರಿಂದ ತಿಳಿಯುವುದು ಇಷ್ಟು: ಬರಿಯ ಎಲೆ ಕೊಲ್ಲುವುದು ಅಪರೂಪ, ಬೇರೆ ಔಷಧಗಳ ಜೊತೆ ಬೆರೆತಾಗ ಆಪತ್ತು ಬೆಳೆಯುತ್ತದೆ. ಮಾಜಿ ಸೈನಿಕರು ಬೆರೆಸುವ ಸಾಧ್ಯತೆ ಇತರರಿಗಿಂತ ಹೆಚ್ಚು, ಏಕೆಂದರೆ ಅವರ ಔಷಧದ ಡಬ್ಬಿ ಮೊದಲೇ ತುಂಬಿರುತ್ತದೆ. ಖಿನ್ನತೆಗೊಂದು, ನಿದ್ದೆಗೊಂದು, ದುಃಸ್ವಪ್ನಕ್ಕೊಂದು, ನರನೋವಿಗೊಂದು. ಯಕೃತ್ತಿನಲ್ಲಿ ಹಲವು ಔಷಧಗಳನ್ನು ಕರಗಿಸುವ ಸಿವೈಪಿ2ಡಿ6 ಎಂಬ ಕಿಣ್ವವನ್ನು ಮಿಟ್ರಾಜೈನಿನ್ ತಡೆಯುತ್ತದೆ. ಆಗ ಅದೇ ಕಿಣ್ವವನ್ನು ನಂಬಿದ ಖಿನ್ನತೆಯ ಔಷಧವೊಂದರ ಮಟ್ಟ ರಕ್ತದಲ್ಲಿ ಏರುತ್ತದೆ. ಟ್ರಮಡಾಲ್ ಮತ್ತು ಕೋಡೀನ್ ಎಂಬ ನೋವಿನ ಔಷಧಗಳು ಪೂರ್ಣ ಕೆಲಸ ಮಾಡಲು ಅದೇ ಕಿಣ್ವ ಬೇಕಾದ್ದರಿಂದ ಅವುಗಳ ಪರಿಣಾಮ ಕುಗ್ಗಬಹುದು. ಡೋಸ್ ಸಾಲುತ್ತಿಲ್ಲ ಎಂದುಕೊಂಡು ರೋಗಿ ಇನ್ನೊಂದು ಮಾತ್ರೆ ನುಂಗುತ್ತಾನೆ.

ಶುದ್ಧತೆಯ ಪ್ರಶ್ನೆ ಬೇರೆಯೇ ಇದೆ. 2018ರಲ್ಲಿ ಕ್ರೇಟಮ್ ಪುಡಿಯಿಂದ ಹರಡಿದ ಸಾಲ್ಮೊನೆಲ್ಲಾ ಸೋಂಕಿಗೆ 41 ರಾಜ್ಯಗಳ 199 ಮಂದಿ ತುತ್ತಾದರು. ಎಫ್‌ಡಿಎ ಪರೀಕ್ಷಿಸಿದ 30 ಉತ್ಪನ್ನಗಳಲ್ಲಿ ಸೀಸ ಮತ್ತು ನಿಕಲ್‌ನಂಥ ಭಾರಲೋಹಗಳು ಆತಂಕದ ಪ್ರಮಾಣದಲ್ಲಿದ್ದವು. ಸ್ವೀಡನ್‌ನಲ್ಲಿ ಕ್ರಿಪ್ಟನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಕ್ರೇಟಮ್ ಪುಡಿಗೆ ಟ್ರಮಡಾಲ್‌ನ ಪ್ರಬಲ ರೂಪವೊಂದನ್ನು ಬೆರೆಸಿದ್ದರು; ಒಂಬತ್ತು ಜನ ಸತ್ತರು. 1994ರ ಪೂರಕ ಆಹಾರ ಕಾಯ್ದೆಯಡಿ ಅಮೆರಿಕದಲ್ಲಿ ಮೂಲಿಕೆ ಉತ್ಪನ್ನಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಅವು ಸುರಕ್ಷಿತವೆಂದು ಸರ್ಕಾರಕ್ಕೆ ಸಾಬೀತುಪಡಿಸುವ ಕಟ್ಟುಪಾಡು ಬಹುಮಟ್ಟಿಗೆ ಇಲ್ಲ. ಹೊಸ ಪದಾರ್ಥವಾದರೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದ್ದರೂ, ಕ್ರೇಟಮ್ ಮಾರುವವರು ಅದರ ಹೊರಗೇ ವ್ಯಾಪಾರ ನಡೆಸುತ್ತಿದ್ದಾರೆ.

ಬಟ್ಟಲು ಕಾಣುವುದು, ಕಾಣದಿರುವುದು

ಮೂತ್ರ ಪರೀಕ್ಷೆ ಎರಡು ಹಂತಗಳದ್ದು. ಮೊದಲನೆಯದು ಅಗ್ಗದ, ವೇಗದ ಇಮ್ಯುನೊಅಸ್ಸೇ. ಅದರಲ್ಲಿರುವ ಪ್ರತಿಕಾಯಗಳು ನಿರ್ದಿಷ್ಟ ಆಕಾರದ ಅಣುಗಳನ್ನು ಹಿಡಿಯುತ್ತವೆ, ಬೀಗಕ್ಕೆ ಕೀಲಿ ಕೂಡಿದಂತೆ. ಓಪಿಯೇಟ್‌ಗಳ, ಅಂದರೆ ಅಫೀಮಿನಿಂದ ಬರುವ ಪದಾರ್ಥಗಳ, ಪರೀಕ್ಷೆಯ ಬೀಗ ಮಾರ್ಫೀನ್‌ನ ಆಕಾರಕ್ಕೆ ಮಾಡಿದ್ದು. ಅಂಥದೇ ಆಕಾರದ ಕೋಡೀನ್ ಅದರಲ್ಲಿ ಸಿಗುತ್ತದೆ. ಫೆಂಟನಿಲ್, ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಓಪಿಯಾಯ್ಡ್‌ಗಳು ಸಿಗುವುದಿಲ್ಲ, ಅವಕ್ಕೆ ಬೇರೆ ಪರೀಕ್ಷೆ ಬೇಕು. ಮಿಟ್ರಾಜೈನಿನ್ ಕೂಡ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡನೆಯ ಹಂತ ಮಾಸ್ ಸ್ಪೆಕ್ಟ್ರೋಮೆಟ್ರಿ. ಅದು ಅಣುವಿನ ತೂಕ ಮತ್ತು ತುಣುಕುಗಳನ್ನು ನೋಡಿ ಖಚಿತವಾಗಿ ಗುರುತಿಸುತ್ತದೆ. ಆದರೆ ಏನನ್ನು ಹುಡುಕಬೇಕೆಂದು ಮೊದಲೇ ಹೇಳಿದ್ದರೆ ಮಾತ್ರ. ಕ್ರೇಟಮ್‌ಗಾಗಿ ಪ್ರತ್ಯೇಕವಾಗಿ ಪರೀಕ್ಷೆ ಬರೆದರೆ ಪ್ರಯೋಗಾಲಯ ಅದನ್ನು ಪತ್ತೆಹಚ್ಚಬಲ್ಲದು. ಮಿಟ್ರಾಜೈನಿನ್ ದೇಹದಿಂದ ನಿಧಾನವಾಗಿ ಹೊರಹೋಗುವುದರಿಂದ ಕೆಲವು ದಿನಗಳ ನಂತರವೂ ಸಿಗಬಹುದು.

1988ರಲ್ಲಿ ಒಕ್ಕೂಟ ಸರ್ಕಾರ ತನ್ನ ನೌಕರರ ಪರೀಕ್ಷೆಗೆ ಗುರುತಿಸಿದ ಪಟ್ಟಿಯಲ್ಲಿ ಐದು ವರ್ಗಗಳಿದ್ದವು: ಗಾಂಜಾ, ಕೊಕೇನ್, ಆಂಫೆಟಮಿನ್, ಓಪಿಯೇಟ್, ಭ್ರಮೆ ಹುಟ್ಟಿಸುವ ಪಿಸಿಪಿ. ಪಟ್ಟಿ ಬೆಳೆದಿದೆ, 2017ರಲ್ಲಿ ಆಕ್ಸಿಕೋಡೋನ್‌ನಂಥವೂ ಸೇರಿವೆ. ಆದರೂ ಅದರ ಹಿಂದಿನ ತರ್ಕ ಹಾಗೆಯೇ ಇದೆ. ಅಪರಾಧವೆಂದು ಗುರುತಿಸಿದ್ದನ್ನು ಹುಡುಕುವುದು ಅದರ ಕೆಲಸ. ರೋಗಿಯ ಯಕೃತ್ತಿನಲ್ಲಿ ಈ ಹೊತ್ತು ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ಆ ಪಟ್ಟಿ ಹುಟ್ಟಲಿಲ್ಲ.

ಇದರ ಇನ್ನೊಂದು ಮುಖ ಹೆಚ್ಚು ನೋವಿನದು: ನಿರಪರಾಧಿ ಸಿಕ್ಕಿಬೀಳುವುದು. ಗಾಂಜಾ ಜಾತಿಯ ಗಿಡದಿಂದ ತೆಗೆದ, ಅಮಲೇರಿಸದ ಸಿಬಿಡಿ ಎಣ್ಣೆಯನ್ನೇ ನೋಡಿ. 2018ರ ಡಿಸೆಂಬರ್‌ನ ಕೃಷಿ ಕಾಯ್ದೆ, ಟಿಎಚ್‌ಸಿ ಎಂಬ ಅಮಲಿನ ಅಂಶ ಶೇಕಡಾ 0.3 ಮೀರದ, ಹೆಂಪ್ ಎಂದು ಕರೆಯುವ ಗಾಂಜಾ ಜಾತಿಯ ಗಿಡವನ್ನು ಕಾನೂನುಬದ್ಧಗೊಳಿಸಿತು. ಅಂಗಡಿಗಳು ಸಿಬಿಡಿಯಿಂದ ತುಂಬಿದವು. ಅದಕ್ಕೂ ಒಂದು ವರ್ಷ ಮೊದಲೇ, ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದಿತ್ತು. ಲೇಬಲ್ ಸರಿಯಾಗಿದ್ದದ್ದು ಸುಮಾರು ಮೂರನೇ ಒಂದರಷ್ಟಕ್ಕೆ ಮಾತ್ರ. 18 ಉತ್ಪನ್ನಗಳಲ್ಲಿ ಟಿಎಚ್‌ಸಿ ಸಿಕ್ಕಿತು. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಶೇಕಡಾ 0.39ರಷ್ಟು ಟಿಎಚ್‌ಸಿ ಇದ್ದ, ಸಿಬಿಡಿ ಪ್ರಧಾನವಾದ ಗಾಂಜಾದ ಆವಿಯನ್ನು ಆರು ಮಂದಿಗೆ ಒಮ್ಮೆ ಕೊಟ್ಟು ನೋಡಿದರು. ಇಬ್ಬರ ಮೂತ್ರ ಗಾಂಜಾಕ್ಕೆ ಪಾಸಿಟಿವ್ ಬಂತು. ಇಲ್ಲಿ ಎರಡನೆಯ ಹಂತದ ಪರೀಕ್ಷೆಯೂ ರಕ್ಷಣೆಗೆ ಬರುವುದಿಲ್ಲ, ಏಕೆಂದರೆ ಅದು ನಿಜವಾದ ಟಿಎಚ್‌ಸಿಯೇ. ಟಿಎಚ್‌ಸಿ ಕೊಬ್ಬಿನಲ್ಲಿ ಶೇಖರವಾಗುವುದರಿಂದ ದಿನವೂ ಎಣ್ಣೆ ಬಳಸುವವರ ದೇಹದಲ್ಲಿ ತುಸುತುಸುವೇ ಕೂಡುತ್ತಾ ಹೋಗುತ್ತದೆ.

ಗಸಗಸೆಯ ಕತೆಯೂ ಇಂಥದೇ. ಗಸಗಸೆ ಬೀಜದ ಮೇಲೆ ಅಫೀಮಿನ ಹಾಲು ಅಂಟಿಕೊಂಡಿರುತ್ತದೆ. ಅದರಲ್ಲಿ ಮಾರ್ಫೀನ್ ಮತ್ತು ಕೋಡೀನ್ ಎರಡೂ ಇವೆ. ಬ್ರೆಡ್ಡಿನ ಮೇಲಿನ ಗಸಗಸೆ ತಿಂದವರು ಸಿಕ್ಕಿಬೀಳುತ್ತಿದ್ದ ಕಾರಣಕ್ಕೇ ಒಕ್ಕೂಟ ಸರ್ಕಾರ 1998ರಲ್ಲಿ ಓಪಿಯೇಟ್ ಪಾಸಿಟಿವ್ ಎಂದು ಎಣಿಸುವ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಹಾಗಿದ್ದೂ 2023ರ ಫೆಬ್ರವರಿಯಲ್ಲಿ ರಕ್ಷಣಾ ಇಲಾಖೆ ಗಸಗಸೆಯನ್ನು ಯಾವ ರೂಪದಲ್ಲೂ ತಿನ್ನಬೇಡಿ ಎಂದು ಸೈನಿಕರಿಗೆ ಎಚ್ಚರಿಕೆ ಕೊಟ್ಟಿತು. ಕೆಲವು ತಳಿಗಳಲ್ಲಿ ಕೋಡೀನ್ ಹಿಂದೆ ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಮರುವರ್ಷ ಆ ಇಲಾಖೆ ಕೋಡೀನ್‌ನ ಮಿತಿಯನ್ನೇ 4,000 ನ್ಯಾನೊಗ್ರಾಂಗೆ ಏರಿಸಿತು. ಅಂದರೆ ಮಿತಿ ಎಂಬುದು ಪ್ರಕೃತಿ ಬರೆದ ಗೆರೆಯಲ್ಲ, ಮನುಷ್ಯರು ಎಳೆದದ್ದು. ತಪ್ಪು ಗೊತ್ತಾದಾಗ ಅಳಿಸಿ ಬೇರೆಡೆ ಎಳೆದರು. ನಡುವೆ ಸಿಕ್ಕಿಬಿದ್ದವರು ಅನುಭವಿಸಿದರು. ಮುಖ್ಯವಾದ ಇನ್ನೊಂದು ಮಾತು: ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಅನೇಕ ಕಡೆ ಹಳೆಯ 300ರ ಮಿತಿಯೇ ಉಳಿದಿದೆ. ಕಚೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಅದೇ ಮೂತ್ರ ಚಿಕಿತ್ಸಾಲಯದಲ್ಲಿ ಪಾಸಿಟಿವ್ ಆಗಬಹುದು.

ಎಲ್ಲ ಮೂಲಿಕೆಗಳೂ ಹೀಗಲ್ಲ. ವಿಲ್ಲೋ ಮರದ ತೊಗಟೆಯಲ್ಲಿ ಆಸ್ಪಿರಿನ್‌ನ ಪೂರ್ವಜ ಎನ್ನಬಹುದಾದ ಸ್ಯಾಲಿಸಿನ್ ಇದೆ; ಅದು ರಕ್ತ ತೆಳುಗೊಳಿಸುವ ಔಷಧಗಳ ಜೊತೆ ತೊಂದರೆ ಕೊಟ್ಟೀತು, ಮಾದಕ ಪರೀಕ್ಷೆಗೆ ಸಂಬಂಧವಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮುಲಾಮು, ಅರಿಶಿನದ ಗುಳಿಗೆಗಳೂ ಅಷ್ಟೇ. ಕೋಕಾ ಎಲೆಯ ಚಹಾ ಮಾತ್ರ ಕೊಕೇನ್‌ಗೆ ಪಾಸಿಟಿವ್ ತರುತ್ತದೆ, ಅದರಲ್ಲಿ ಸಂಶಯವೇ ಬೇಡ.

ಯಾರ ಬಟ್ಟಲು ಯಾರ ಕೈಗೆ

ಮಾಜಿ ಸೈನಿಕ ಎಂಬ ಒಂದೇ ಪದದ ಕೆಳಗೆ ಬಹಳ ಬೇರೆ ಬೇರೆ ಸ್ಥಿತಿಗಳಲ್ಲಿರುವ ಜನರಿದ್ದಾರೆ. ಪೂರ್ತಿ ಬಿಡುಗಡೆಯಾಗಿ ಸ್ವಂತ ಅಂಗಡಿ ಇಟ್ಟುಕೊಂಡವರನ್ನು ಸೇನೆ ಪರೀಕ್ಷಿಸುವುದಿಲ್ಲ. ಆದರೆ ಯುದ್ಧಭೂಮಿಯಿಂದ ಬಂದು, ಅರೆಕಾಲಿಕ ಸೇವೆಯ ಮೀಸಲು ಪಡೆಯಲ್ಲೋ ರಾಜ್ಯದ ನ್ಯಾಷನಲ್ ಗಾರ್ಡ್‌ನಲ್ಲೋ ಮುಂದುವರಿದವರು ವಿಎ ರೋಗಿಗಳೂ ಹೌದು, ಸೇನೆಯ ನಿಯಮಕ್ಕೆ ಒಳಪಟ್ಟವರೂ ಹೌದು. ರಕ್ಷಣಾ ಇಲಾಖೆಯ ನಿಷೇಧಿತ ಪೂರಕ ಪದಾರ್ಥಗಳ ಪಟ್ಟಿಯಲ್ಲಿ ಕ್ರೇಟಮ್ ಇದೆ. 2020ರ ಫೆಬ್ರವರಿಯ ಆದೇಶದಂತೆ ಹೆಂಪ್‌ನಿಂದ ಮಾಡಿದ ಉತ್ಪನ್ನಗಳೂ ಸೈನಿಕರಿಗೆ ನಿಷಿದ್ಧ. ಶುಕ್ರವಾರ ರಾತ್ರಿಯವರೆಗೆ ನಾಗರಿಕರಾಗಿದ್ದವರು ಶನಿವಾರದ ಕವಾಯತಿಗೆ ಹೋದಾಗ ದೇಹದಲ್ಲಿರುವ ಟಿಎಚ್‌ಸಿ ಅವರೊಂದಿಗೇ ಹೋಗಿರುತ್ತದೆ.

ಒಕ್ಕೂಟ ಸರ್ಕಾರದ ನೌಕರಿಯಲ್ಲಿ ಮಾಜಿ ಸೈನಿಕರಿಗೆ ಆದ್ಯತೆ ಇರುವುದರಿಂದ ಬಹಳ ಮಂದಿ ಅಲ್ಲಿಗೆ ಸೇರುತ್ತಾರೆ. ಅಧ್ಯಕ್ಷ ರೇಗನ್ 1986ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಆ ನೌಕರರು ಕೆಲಸದ ಹೊರಗೂ ಕಾನೂನುಬಾಹಿರ ಮಾದಕ ವಸ್ತುಗಳಿಂದ ದೂರವಿರಬೇಕು. ಲಾರಿ ಓಡಿಸುವವರಿಗೆ ಸಾರಿಗೆ ಇಲಾಖೆಯ ಪರೀಕ್ಷೆ ಇದೆ. ಸಿಬಿಡಿ ಎಣ್ಣೆ ಬಳಸಿದೆ ಎನ್ನುವುದು ಪಾಸಿಟಿವ್ ಫಲಿತಾಂಶಕ್ಕೆ ಒಪ್ಪತಕ್ಕ ವೈದ್ಯಕೀಯ ವಿವರಣೆಯಲ್ಲ ಎಂದು ಆ ಇಲಾಖೆ 2020ರಲ್ಲೇ ಸ್ಪಷ್ಟಪಡಿಸಿದೆ. ಈ ಪರೀಕ್ಷೆಗಳಲ್ಲಿ ಒಂದು ಒಳ್ಳೆಯ ವ್ಯವಸ್ಥೆಯೂ ಇದೆ. ಪಾಸಿಟಿವ್ ಬಂದರೆ ಎರಡನೆಯ ಹಂತದ ಪರೀಕ್ಷೆ ಕಡ್ಡಾಯ, ಆಮೇಲೆ ತರಬೇತಾದ ವೈದ್ಯರೊಬ್ಬರು ನೌಕರನ ವಿವರಣೆ ಕೇಳಿದ ನಂತರವೇ ತೀರ್ಮಾನ. ನೌಕರಿ ಕಳೆಯುವ ಪರೀಕ್ಷೆಗೆ ಇಷ್ಟು ಎಚ್ಚರಿಕೆಗಳಿವೆ. ಚಿಕಿತ್ಸೆಗೆಂದು ಮಾಡುವ ಪರೀಕ್ಷೆಯಲ್ಲಿ ಇಂಥ ರಕ್ಷಣೆ ಎಲ್ಲೆಡೆ ಒಂದೇ ಸಮನಾಗಿಲ್ಲದಿರುವುದು ನನ್ನನ್ನು ಬಹಳ ಕಾಡುತ್ತದೆ. ಅವಸರದಲ್ಲಿ ಮೊದಲ ಹಂತದ ಫಲಿತಾಂಶವನ್ನೇ ಕೊನೆಯದೆಂದು ಓದಿ ಮಾತ್ರೆ ಕಡಿತಗೊಳಿಸಿದರೆ ಏನಾಗಬಹುದೆಂದು ಓಪಿಯಾಯ್ಡ್ ನಿಲ್ಲಿಸಿದವರ ಕುರಿತ 2020ರ ಅಧ್ಯಯನ ಆಗಲೇ ಹೇಳಿದೆ.

ವಿಎ ಆಸ್ಪತ್ರೆಯ ಬಟ್ಟಲು ಈ ಸಾಲಿನದಲ್ಲ. ದೀರ್ಘಕಾಲ ಓಪಿಯಾಯ್ಡ್ ಪಡೆಯುವ ರೋಗಿಯಿಂದ ವಿಎ ಲಿಖಿತ ಸಮ್ಮತಿ ಪಡೆಯುತ್ತದೆ, ಆಗಾಗ ಮೂತ್ರ ಪರೀಕ್ಷೆ ಮಾಡಿಸುತ್ತದೆ. ಬರೆದುಕೊಟ್ಟ ಔಷಧವನ್ನೇ ಸೇವಿಸುತ್ತಿದ್ದಾರೆಯೇ, ಅಪಾಯಕಾರಿಯಾದ ಬೇರೇನಾದರೂ ಜೊತೆಗಿದೆಯೇ ಎಂದು ತಿಳಿಯುವುದು ಉದ್ದೇಶ. ಅಂಗವೈಕಲ್ಯದ ಪಿಂಚಣಿಗೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಗಾಂಜಾ ವಿಷಯದಲ್ಲಂತೂ ವಿಎ 2017ರಲ್ಲೇ ನಿರ್ದೇಶನ ಹೊರಡಿಸಿದೆ: ರಾಜ್ಯದ ಗಾಂಜಾ ಯೋಜನೆಯಲ್ಲಿ ಭಾಗವಹಿಸಿದ ಕಾರಣಕ್ಕೆ ಯಾವ ಮಾಜಿ ಸೈನಿಕರಿಗೂ ಆರೋಗ್ಯ ಸೇವೆ ನಿರಾಕರಿಸುವಂತಿಲ್ಲ, ಅದರ ಬಗ್ಗೆ ವೈದ್ಯರ ಜೊತೆ ಮಾತಾಡಲು ಪ್ರೋತ್ಸಾಹಿಸಬೇಕು. ವಿಎ ವೈದ್ಯರು ಗಾಂಜಾ ಬರೆದುಕೊಡುವಂತಿಲ್ಲ, ರಾಜ್ಯದ ಅರ್ಜಿ ತುಂಬಿಕೊಡುವಂತಿಲ್ಲ. ಆದರೆ ಕೇಳಬಹುದು, ದಾಖಲಿಸಬಹುದು, ಔಷಧಗಳನ್ನು ಹೊಂದಿಸಿಕೊಡಬಹುದು.

ಕ್ರೇಟಮ್ ಬಗ್ಗೆಯೂ ಅಷ್ಟೇ ನೇರವಾದ, ಅಷ್ಟೇ ಸುಲಭವಾಗಿ ಓದಬಹುದಾದ ಮಾತು ರೋಗಿಗಳ ಕೈಗೆ ಸಿಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಆಸ್ಪತ್ರೆಯವರು ಬಟ್ಟಲು ಕೊಡುವ ಮೊದಲೇ ಕೇಳಬೇಕು. ಕಳೆದ ವಾರ ಅಂಗಡಿಯಿಂದ ತಂದು ಏನೇನು ತೆಗೆದುಕೊಂಡಿರಿ, ಪುಡಿಯೋ ಗುಳಿಗೆಯೋ, ಎಷ್ಟು, ದಿನಕ್ಕೆ ಎಷ್ಟು ಸಲ? ಈ ಉತ್ತರದಿಂದ ನಿಮ್ಮ ಪಿಂಚಣಿಗೆ ಏನೂ ಆಗುವುದಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳಬೇಕು. ಪರೀಕ್ಷೆಯ ನಂತರ ಕೇಳಿದ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ. ಮೀಸಲು ಪಡೆಯಲ್ಲಿ ಇರುವವರಿಗೆ ಮಾತ್ರ ಇನ್ನೊಂದು ಸತ್ಯವನ್ನೂ ಹೇಳಬೇಕಾಗುತ್ತದೆ: ಸೇನೆಯ ನಿಯಮ ಬೇರೆ, ಅಲ್ಲಿ ಈ ಭರವಸೆ ನಡೆಯುವುದಿಲ್ಲ. ಅದನ್ನು ಮರೆಮಾಚಿದರೆ ಅದು ಅವರಿಗೆ ಮಾಡುವ ದ್ರೋಹ.

ಕ್ರೇಟಮ್ ದಿನವೂ ಸೇವಿಸುವವರು ಒಮ್ಮೆಲೇ ಬಿಟ್ಟರೆ ಓಪಿಯಾಯ್ಡ್ ಬಿಟ್ಟವರಂತೆಯೇ ಮೈನೋವು, ಬೆವರು, ಭೇದಿ, ನಿದ್ದೆಗೇಡು ಅನುಭವಿಸುತ್ತಾರೆ. ಅದಕ್ಕೂ ಚಿಕಿತ್ಸೆ ಇದೆ, ಬ್ಯುಪ್ರೆನಾರ್ಫಿನ್ ಬಳಸಿ ಗುಣಪಡಿಸಿದ ವರದಿಗಳಿವೆ. ವಿಎ ಮತ್ತು ರಕ್ಷಣಾ ಇಲಾಖೆ ಸೇರಿ 2022ರಲ್ಲಿ ಹೊರತಂದ ಮಾರ್ಗಸೂಚಿ, ದೀರ್ಘಕಾಲದ ನೋವಿಗೆ ದಿನವೂ ಓಪಿಯಾಯ್ಡ್ ಬೇಕಾದವರಿಗೆ ಬ್ಯುಪ್ರೆನಾರ್ಫಿನ್ ಅನ್ನೇ ಸೂಚಿಸುತ್ತದೆ. ಬಂಕಿನ ಪೊಟ್ಟಣಕ್ಕೆ ಹೋಲಿಸಿದರೆ ಇದು ಅಳತೆ ಗೊತ್ತಿರುವ, ಶುದ್ಧತೆ ಖಚಿತವಿರುವ ಔಷಧ. ಮಾತಾಡಿದ ಮಾಜಿ ಸೈನಿಕನಿಗೆ ಇಂಥ ದಾರಿ ತೆರೆಯುತ್ತದೆ, ಮೌನವಾಗಿದ್ದವನಿಗೆ ಅದು ಇದೆಯೆಂದೂ ತಿಳಿಯುವುದಿಲ್ಲ.

ವಿಎ ಬಳಿ ಸ್ಟಾರ್ಮ್ ಎಂಬ ಗಣಕ ವ್ಯವಸ್ಥೆಯೊಂದಿದೆ. ರೋಗಿಯ ದಾಖಲೆಗಳನ್ನು ಓದಿ, ಅತಿಸೇವನೆ ಅಥವಾ ಆತ್ಮಹತ್ಯೆಯ ಅಪಾಯ ಯಾರಿಗೆ ಹೆಚ್ಚೆಂದು ಅಂದಾಜಿಸಿ ವೈದ್ಯರನ್ನು ಎಚ್ಚರಿಸುತ್ತದೆ. ಅಪಾಯದಲ್ಲಿರುವವರ ಮನೆಗೆ, ಉಸಿರು ನಿಲ್ಲುವ ಹೊತ್ತಿನಲ್ಲಿ ಜೀವ ಉಳಿಸಬಲ್ಲ ನಲೊಕ್ಸೋನ್ ಔಷಧವನ್ನು ವಿಎ ತಲುಪಿಸುತ್ತದೆ; 2014ರಿಂದಲೂ ಈ ವಿತರಣೆ ನಡೆಯುತ್ತಿದೆ. ಮೂತ್ರ ಪರೀಕ್ಷೆ ಕಾಣದ, ರೋಗಿಯೂ ಹೇಳದ ಕ್ರೇಟಮ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಕಪಾಟಿನಲ್ಲಿ ನಿದ್ದೆಯ ಮಾತ್ರೆಯ ಪಕ್ಕದಲ್ಲೇ 7-ಹೈಡ್ರಾಕ್ಸಿಮಿಟ್ರಾಜೈನಿನ್ ಗುಳಿಗೆಗಳನ್ನು ಇಟ್ಟುಕೊಂಡು ಒಂಟಿಯಾಗಿ ಬದುಕುವ ಮಾಜಿ ಸೈನಿಕನ ಹೆಸರಿನ ಮುಂದೆ ಆ ಪರದೆಯಲ್ಲಿ ಯಾವ ಎಚ್ಚರಿಕೆಯೂ ಮೂಡುವುದಿಲ್ಲ, ಅವನ ಮನೆಗೆ ನಲೊಕ್ಸೋನ್ ಕಳುಹಿಸಬೇಕೆಂದು ಯಾರಿಗೂ ಹೊಳೆಯುವುದೂ ಇಲ್ಲ.